ಬೇಟೆ ನಿಂತಿತು, ಬೊಗಳು ನಿಲ್ಲಲಿಲ್ಲ

ಬೇಟೆನಾಯಿಗೆ ಬೊಗಳುವುದು ಕಸುಬಿನ ಭಾಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ದಟ್ಟ ಕಾಡಿನಲ್ಲಿ ಹತ್ತು ಮಾರು ಆಚೆಗಿನ ಪ್ರಾಣಿಯೂ ಕಣ್ಣಿಗೆ ಬೀಳುವುದು ಕಷ್ಟ. ಹಂದಿಯ ಜಾಡು ಹಿಡಿದು ಹೋದ ನಾಯಿ ಎಲ್ಲಿದೆ, ಹಂದಿ ಓಡುತ್ತಿದೆಯೋ ತಿರುಗಿ ನಿಂತಿದೆಯೋ ಎಂಬುದು ಕೋವಿ ಹಿಡಿದು ಕಾದವನಿಗೆ ನಾಯಿಯ ದನಿಯಿಂದಲೇ ತಿಳಿಯಬೇಕು. ಬಾಯಿಲ್ಲದ ನಾಯಿ ಇಂಥ ಕಡೆ ಉಪಯೋಗಕ್ಕೆ ಬಾರದು. ಬಯಲುಸೀಮೆಯ ಲೆಕ್ಕ ಬೇರೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಬಯಲಲ್ಲಿ ಓಡುವ ಮೊಲ ಎದುರಿಗೇ ಕಾಣುವಾಗ ಬೊಗಳಿದರೆ ಉಸಿರು ದಂಡ, ಅಷ್ಟೆ. ವಾಸನೆ ಹಿಡಿದು ಸಾಗುವ ಬೀಗಲ್ ಗಂಟಲು ತೆರೆದರೆ ಮಾತ್ರ ಕಣಿವೆಯಾಚೆಗೂ ಕೇಳುತ್ತದೆ. ಹಾಗೆ ಕೇಳಲೆಂದೇ ಅದನ್ನು ಬೆಳೆಸಿದ್ದು. ಬೊಗಳುವ ನಾಯಿಯನ್ನು ಸುಮ್ಮನಾಗಿಸುವ ಮಾತು ಬಂದಾಗ ಮೊದಲು ನೋಡಬೇಕಾದದ್ದು ಅದು ಯಾವ ಕಸುಬಿನ ವಂಶದ್ದು ಎಂಬುದನ್ನು.

ಕನ್ನಡನಾಡಿನಲ್ಲಿ ಈ ಕಸುಬಿಗೆ ಹಿಂದೆ ಮರ್ಯಾದೆ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949ರದ್ದು. ಅದು ಹೇಳುವಂತೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯೂ ನಾಯಿಯೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯ ನಂತರ ಬೇಟೆಗೆ ಪರವಾನಗಿ ಪಡೆಯುವ ದಾರಿಯೂ ಮುಚ್ಚಿತು. ಕಾಡುಪ್ರಾಣಿಯನ್ನು ಸೋವುವುದು, ಅಟ್ಟಿಸಿಕೊಂಡು ಹೋಗುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ.

ಕಾಯ್ದೆ ಬಂದರೂ ನಾಯಿಯ ರಕ್ತ ಬದಲಾಗಲಿಲ್ಲ. ಜಾಡು ಹಿಡಿಯುತ್ತಿದ್ದ ವಂಶದ ನಾಯಿ ಈಗ ಅಂಗಳದ ಮೂಲೆಯಲ್ಲಿ ಸರಪಳಿಗೆ ಬಿದ್ದಿದೆ. ಎದುರಿಗೆ ಅಡಿಕೆ ತೋಟ, ಅದರಾಚೆ ಸೊಪ್ಪಿನಬೆಟ್ಟ, ಬೆಟ್ಟಕ್ಕೆ ತಾಗಿ ಕಾಡು. ಹಗಲು ಮಂಗ, ಕೆಂದಳಿಲು; ರಾತ್ರಿ ಹಂದಿ, ಮುಳ್ಳುಹಂದಿ, ಕಬ್ಬೆಕ್ಕು. ಒಂದೊಂದರ ವಾಸನೆಯೂ ಮೂಗಿಗೆ ಬರುತ್ತದೆ, ಬೆನ್ನಟ್ಟಲು ಕಾಲಿಗೆ ಎಡೆಯಿಲ್ಲ. ಮಾಡಲಾಗದ ಕೆಲಸವೆಲ್ಲ ಗಂಟಲಿನಿಂದ ಹೊರಬೀಳುತ್ತದೆ. ಇದೇ ಕಾಡಿನ ಸೀಳುನಾಯಿಗಳು ಗುಂಪಾಗಿ ಬೇಟೆಯಾಡಿದರೂ ಬೊಗಳುತ್ತ ಅಟ್ಟುವುದಿಲ್ಲ, ಸಿಳ್ಳೆಯಂಥ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ. ಇಷ್ಟೊಂದು ಬೊಗಳುವುದು ಮನುಷ್ಯನ ಜೊತೆ ಬಾಳಿದ ನಾಯಿಯ ಗುಣ.

ಎಲ್ಲ ಬೊಗಳೂ ಒಂದೇ ಅಲ್ಲ. ಹಂಗೆರಿಯ ಬುಡಾಪೆಸ್ಟ್ ನಗರದ ಸಂಶೋಧಕರು ಬೇರೆಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿದ ಬೊಗಳನ್ನು ಜನರಿಗೆ ಕೇಳಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ಸಾಕಿ ಗೊತ್ತಿಲ್ಲದವರೂ ಅಪರಿಚಿತರ ಮೇಲಿನ ಬೊಗಳು ಯಾವುದು, ಒಂಟಿತನದ್ದು ಯಾವುದು ಎಂದು ಸಾಕಷ್ಟು ಸರಿಯಾಗಿ ಗುರುತಿಸಿದರು. ತೋಟದ ಮನೆಯವರಿಗೆ ಇದು ಹೊಸ ಸಂಗತಿಯೇನಲ್ಲ. ದಣಪೆಯ ಬಳಿ ಜನ ಬಂದಾಗಿನ ದಪ್ಪ, ಬಿರುಸಿನ ದನಿಯೇ ಬೇರೆ. ಮನೆಮಂದಿಯೆಲ್ಲ ಮದುವೆಮನೆಗೆ ಹೋದಾಗ ಗಂಟೆಗಟ್ಟಲೆ ಒಂದೇ ರಾಗದಲ್ಲಿ ಎಳೆಯುವ ಕೀರಲು ದನಿಯೇ ಬೇರೆ. ಯಾವ ಹೊತ್ತು, ಯಾವ ದಿಕ್ಕು, ಯಾರು ಬಂದಾಗ ಎಂದು ಒಂದು ವಾರ ಗಮನಿಸಿದರೆ ಕಾರಣ ಬಹುಮಟ್ಟಿಗೆ ಕೈಗೆ ಸಿಗುತ್ತದೆ. ಔಷಧ ಆಮೇಲಿನದು.

ಸಾಮಾನ್ಯವಾಗಿ ಮೊದಲು ನಡೆಯುವುದು ಗದರಿಕೆ, ಆಮೇಲೆ ಕೋಲು. ಎರಡೂ ಕೆಲಸಕ್ಕೆ ಬರುವುದಿಲ್ಲ. ಜಗಲಿಯಿಂದ ಯಜಮಾನ ಕೂಗಿದರೆ ತನ್ನ ಜೊತೆ ಅವನೂ ಬೊಗಳಲು ನಿಂತ ಎಂದೇ ನಾಯಿ ತಿಳಿಯುತ್ತದೆ. ಪೆಟ್ಟು ತಿಂದ ನಾಯಿ ಬಂದವರಿಗೂ ನೋವಿಗೂ ಗಂಟು ಹಾಕಿಕೊಂಡು, ಮುಂದೆ ಬೊಗಳದೆ ಕಚ್ಚುವುದೂ ಉಂಟು. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯ ತೊಂದರೆಯೂ ಇದೇ; ವೇಲ್ಸ್ ಅದನ್ನು 2010ರಲ್ಲೇ ನಿಷೇಧಿಸಿತು. ಗಂಟಲಿನ ತಂತು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1987ರ ಯುರೋಪಿನ ಸಾಕುಪ್ರಾಣಿ ಒಡಂಬಡಿಕೆ ತಡೆದಿದೆ. ದಿನವಿಡೀ ಬಾಯಿಕುಕ್ಕೆ ಹಾಕಿಡುವುದು ಅಪಾಯ, ಏಕೆಂದರೆ ನಾಯಿ ಮೈ ತಣಿಸಿಕೊಳ್ಳುವುದು ಬಾಯಿ ತೆರೆದು ಏದುವುದರಿಂದ. ಸರಪಳಿಯ ವಿಷಯದಲ್ಲಿ ನಮ್ಮದೇ ಕಾನೂನಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು ಅಪರಾಧ. ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಬಿಗಿದಿಡುವುದೂ ಅಪರಾಧ. ಈ ಕಲಮು ನೆನಪಿಗೆ ಬರುವುದು ಅಪರೂಪ.

ಫಲ ಕೊಡುವ ದಾರಿ ಮೂಗಿನಿಂದ ಶುರುವಾಗುತ್ತದೆ. ಜಾಡು ಹಿಡಿಯುವ ನಾಯಿಗೆ ಬರೀ ಓಟ ಸಾಲದು, ಮೂಸುವ ಕೆಲಸ ಬೇಕು. ಬೆಳಿಗ್ಗೆ ಹಗ್ಗ ಹಿಡಿದು ತೋಟದ ಕಾಲುದಾರಿಯಲ್ಲಿ ನಿಧಾನವಾಗಿ, ಅದು ಮೂಸಿದಲ್ಲೆಲ್ಲ ನಿಲ್ಲುತ್ತ ಕರೆದೊಯ್ಯುವುದು. ಊಟದ ಒಂದು ಪಾಲನ್ನು ತಟ್ಟೆಗೆ ಹಾಕದೆ ಅಂಗಳದ ದರಕಿನ ಅಡಿ, ಕಟ್ಟಿಗೆ ರಾಶಿಯ ಸಂದಿಯಲ್ಲಿ ಅಡಗಿಸಿ ಹುಡುಕಲು ಬಿಡುವುದು. ಹೀಗೆ ದಣಿದ ನಾಯಿ ಮಧ್ಯಾಹ್ನ ಮಲಗುತ್ತದೆ. ಕಾಡಿಗೆ ಒಂಟಿಯಾಗಿ ಬಿಡುವುದು ಮಾತ್ರ ಸಲ್ಲ. ಕಾನೂನಿನ ಮಾತು ಹಾಗಿರಲಿ, ಅದು ಮೈತುಂಬ ಉಣುಗು ಹತ್ತಿಸಿಕೊಂಡು ಜಗಲಿಗೇ ಮರಳುತ್ತದೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಕಂಡ ಸಿದ್ದಾಪುರದ ಕಡೆ ಇದು ಸಣ್ಣ ವಿಷಯವಲ್ಲ.

ಮುಂದಿನದು ನೋಟ ತಡೆಯುವುದು. ದಾರಿಯೂ ತೋಟವೂ ಕಾಣುವಲ್ಲಿ ಕಟ್ಟಿದ ನಾಯಿ ಹೋಗುವ ಪ್ರತಿ ಸ್ಕೂಟರಿಗೂ ಬೊಗಳುತ್ತದೆ, ಸ್ಕೂಟರು ಹೇಗೂ ಮುಂದೆ ಹೋಗುತ್ತದೆ, ನಾಯಿಗೆ ಪ್ರತಿಸಲವೂ ತಾನೇ ಓಡಿಸಿದೆ ಎಂಬ ಗೆಲುವು. ಅಡಿಕೆ ಸೋಗೆಯ ಒಂದು ತಟ್ಟಿ ಅಡ್ಡ ನಿಲ್ಲಿಸಿದರೆ ಅರ್ಧ ಗಲಾಟೆ ಇಳಿದೀತು.

ಉಳಿದ ಅರ್ಧಕ್ಕೆ ಪಾಠ ಬೇಕು. ನಾಯಿ ಎರಡು ಮೂರು ಸಲ ಬೊಗಳಲಿ. ಆಮೇಲೆ ತಗ್ಗಿದ ದನಿಯಲ್ಲಿ ‘ಸಾಕು’ ಎಂದು ಹೇಳಿ, ಮೂಗಿನ ಹತ್ತಿರ ದೋಸೆಯ ಚೂರೋ ಮೀನಿನ ತುಂಡೋ ಹಿಡಿಯಬೇಕು. ಮೂಸಲು ಬಾಯಿ ಮುಚ್ಚಿದ ಕ್ಷಣದಲ್ಲೇ ಅದನ್ನು ಕೊಡಬೇಕು. ಬರಬರುತ್ತ ಐದು ಸೆಕೆಂಡಿನ ಮೌನಕ್ಕೆ, ಹತ್ತಕ್ಕೆ, ಅರ್ಧ ನಿಮಿಷಕ್ಕೆ. ಮಂಗಗಳ ಹಿಂಡು ತೋಟಕ್ಕೆ ಇಳಿದಾಗ ಈ ಪಾಠ ಶುರುಮಾಡಿದರೆ ನಾಯಿಗೆ ಏನೂ ಕೇಳಿಸುವುದಿಲ್ಲ. ಮನೆಯವರೇ ಯಾರಾದರೂ ದಣಪೆ ಅಲ್ಲಾಡಿಸುವಂಥ ಸಣ್ಣ ಸದ್ದಿನಿಂದ ಆರಂಭಿಸಬೇಕು. ಗಮನ ಸೆಳೆಯಲೆಂದೇ ಬೊಗಳುವ ನಾಯಿಯತ್ತ ತಿರುಗಿಯೂ ನೋಡಬಾರದು. ಆಗ ಬೊಗಳು ಮೊದಲು ಏರಿ ಆಮೇಲೆ ಇಳಿಯುತ್ತದೆ. ಏರಿದಾಗ ಸೋತು ಒಂದು ಸಲ ಬಿಸ್ಕೆಟ್ ಹಾಕಿದರೆ ಇನ್ನೂ ಜೋರಾಗಿ ಕೂಗಬೇಕು ಎಂದು ಕಲಿಸಿದಂತಾಯಿತು. ಎರಡು ಮೂರು ನಾಯಿಗಳಿದ್ದಲ್ಲಿ ಮೊದಲು ದನಿ ಎತ್ತುವುದು ಯಾವುದೋ ಅದಕ್ಕೇ ಪಾಠವಾಗಬೇಕು, ಉಳಿದವು ಬರೀ ಹಿಮ್ಮೇಳದವು. ಮರಿಯಾಗಿದ್ದಾಗ, ಮೂರನೇ ವಾರದಿಂದ ಮೂರು ತಿಂಗಳೊಳಗೆ, ಅಡಿಕೆ ಕೊಯ್ಯುವ ಕೊನೆಗೌಡನನ್ನೂ ಹಾಲಿನವನನ್ನೂ ಶಾಲೆಯ ಮಕ್ಕಳನ್ನೂ ಕಂಡು ಬೆಳೆದ ನಾಯಿಗೆ ಈ ಕಷ್ಟವೆಲ್ಲ ಕಡಿಮೆ.

ಈ ತಾಲ್ಲೂಕುಗಳಲ್ಲಿ ನಾಯಿಯನ್ನು ಪೂರ್ತಿ ಮೂಕವಾಗಿಸುವುದು ಯಾರಿಗೂ ಬೇಕಿಲ್ಲ. ಕೊನೆ ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಅಡಿಕೆ ಇರುವಾಗ, ಹಂದಿ ಗದ್ದೆಗೆ ಇಳಿದಾಗ ಅದು ಬೊಗಳಲೇಬೇಕು. ಆದರೆ ರಾತ್ರಿ ಹೊರಗೆ ಸರಪಳಿಯಲ್ಲಿ ಬೊಗಳುತ್ತಲೇ ಇರುವ ನಾಯಿ ತಾನಿರುವ ಜಾಗವನ್ನು ಚಿರತೆಗೆ ತಾನೇ ಸಾರುತ್ತದೆ, ತಪ್ಪಿಸಿಕೊಳ್ಳಲು ದಾರಿಯೂ ಇಲ್ಲ. ಕತ್ತಲಾದ ಮೇಲೆ ಅದಕ್ಕೆ ಕದವಿರುವ ಗಟ್ಟಿ ಗೂಡು ಬೇಕು, ಇಲ್ಲವೇ ಕೊಟ್ಟಿಗೆಯ ಒಳಗೆ ಎಡೆ ಬೇಕು. ಅಲ್ಲಿಂದಲೂ ಹಂದಿಯ ವಾಸನೆ ಅದಕ್ಕೆ ತಿಳಿಯುತ್ತದೆ.

ಶಾಂತವಾಗಿದ್ದ ನಾಯಿ ಒಮ್ಮೆಲೇ ಬೊಗಳತೊಡಗಿದರೆ ಪಾಠಕ್ಕಿಂತ ಮೊದಲು ಪಶುವೈದ್ಯರು. ಕಿವಿಯ ಸೋಂಕು, ಉಣುಗಿನ ಕಾಟ, ಮಳೆಗಾಲದಲ್ಲಿ ಮೂಗಿನೊಳಗೆ ಸೇರಿದ ಉಂಬಳ, ಇವುಗಳಿಂದಲೂ ನಾಯಿ ನೆಮ್ಮದಿ ಕಳೆದುಕೊಳ್ಳುತ್ತದೆ. ಮುದಿನಾಯಿ ನಡುರಾತ್ರಿ ಗೋಡೆ ನೋಡಿ ಬೊಗಳುತ್ತಿದ್ದರೆ ಕಣ್ಣು, ಕಿವಿ ಮಂದವಾಗಿರಬಹುದು, ಅರಳುಮರುಳೂ ಇರಬಹುದು; ಅಂಥದ್ದನ್ನು ಜನ ಮಲಗುವ ಕೋಣೆಯ ಹತ್ತಿರ, ಸಣ್ಣ ದೀಪದ ಬೆಳಕಿನಲ್ಲಿ ಮಲಗಿಸುವುದು ಒಳ್ಳೆಯದು.