ಕಿವಿ ಹಿಡಿದು ನಡೆಸುವ ಕಲೆ

ದೊಡ್ಡ ಕಲಾ ಪ್ರದರ್ಶನಗಳಲ್ಲಿ ಬಾಗಿಲಲ್ಲೇ ಹೆಡ್‌ಫೋನ್ ಕೊಡುತ್ತಾರೆ. ಚಿತ್ರದ ಮುಂದೆ ನಿಂತು ಸಂಖ್ಯೆ ಒತ್ತಿದರೆ ಸಾಕು, ಬರೆದವರು ಯಾರು, ಯಾವ ವರ್ಷ ಎಂಬ ಪಾಠ ಶುರು. ಇದು ಹಳೆಯ ಪದ್ಧತಿ. 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ವಿವರಣೆಯನ್ನು ರೇಡಿಯೊ ಅಲೆಗಳಲ್ಲಿ ಬಿತ್ತರಿಸಿತ್ತು. ಕೇಳುತ್ತಿದ್ದವರೆಲ್ಲ ಒಂದೇ ಹೊತ್ತಿಗೆ ಒಂದೇ ಚಿತ್ರದತ್ತ ತಿರುಗುತ್ತಿದ್ದರಂತೆ.

ಅದೇ ಹೆಡ್‌ಫೋನಿನಿಂದ ಪಾಠವನ್ನು ಓಡಿಸಿದವರು ಕೆನಡಾದ ಜಾನೆಟ್ ಕಾರ್ಡಿಫ್. 1991ರಲ್ಲಿ ಅವರು ಟೇಪ್ ರೆಕಾರ್ಡರ್ ಹಿಡಿದು ಸ್ಮಶಾನವೊಂದರಲ್ಲಿ ಓಡಾಡುತ್ತ, ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳನ್ನು ಓದಿ ಮುದ್ರಿಸಿಕೊಳ್ಳುತ್ತಿದ್ದರು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೋಡಲು ಟೇಪನ್ನು ಹಿಂದಕ್ಕೆ ತಿರುಗಿಸಿದರು. ಕಿವಿಯಲ್ಲಿ ಅವರದೇ ಹೆಜ್ಜೆ, ಅವರದೇ ಉಸಿರು. ಕಣ್ಣೆದುರು ಇರುವುದನ್ನೇ ವರ್ಣಿಸುವ ಅವರದೇ ದನಿ. ಆ ದನಿಯ ಹಿಂದೆ ಹೆಜ್ಜೆ ಹಾಕಿದಾಗ ತಮ್ಮ ಜೊತೆ ಇನ್ನೊಬ್ಬ ಕಾರ್ಡಿಫ್ ನಡೆಯುತ್ತಿದ್ದಂತೆ ಅನಿಸಿತು. ಅದೇ ವರ್ಷ ಕೆನಡಾದ ಬ್ಯಾನ್ಫ್‌ನ ಕಾಡಿನಲ್ಲಿ, ಹೆಡ್‌ಫೋನಿನ ದನಿ ಹೇಳಿದಂತೆ ಕೇಳುಗರು ನಡೆಯುವ ಮೊದಲ 'ಧ್ವನಿ ನಡಿಗೆ' ಸಿದ್ಧವಾಯಿತು. ಮುಂದೆ ಪತಿ ಜಾರ್ಜ್ ಬ್ಯೂರ್ಸ್ ಮಿಲ್ಲರ್ ಈ ಕೆಲಸಕ್ಕೆ ಜೊತೆಯಾದರು.

ತಂತ್ರ ಸರಳವೇ. ಮನುಷ್ಯನ ಎರಡು ಕಿವಿ ಇರುವ ಜಾಗದಲ್ಲೇ ಎರಡು ಪುಟ್ಟ ಮೈಕು ಇಟ್ಟು ಧ್ವನಿ ಹಿಡಿಯುತ್ತಾರೆ. ಹೆಡ್‌ಫೋನಿನಲ್ಲಿ ಕೇಳುವಾಗ ಹಿಂದಿನಿಂದ ಯಾರೋ ಬಂದಂತಾಗಿ ತಿರುಗಿ ನೋಡುತ್ತೇವೆ; ಅಲ್ಲಿ ಯಾರೂ ಇರುವುದಿಲ್ಲ.

1999ರಲ್ಲಿ ಆರ್ಟ್‌ಏಂಜಲ್ ಸಂಸ್ಥೆಗಾಗಿ ಲಂಡನ್ನಿನಲ್ಲಿ ಮಾಡಿದ 'ದ ಮಿಸ್ಸಿಂಗ್ ವಾಯ್ಸ್' ನನ್ನ ಮಟ್ಟಿಗೆ ಈ ಪ್ರಕಾರದ ಶಿಖರ. ವೈಟ್‌ಚಾಪೆಲ್ ಗ್ರಂಥಾಲಯದಲ್ಲಿ ಡಿಸ್ಕ್‌ಮನ್ (ಕೈಯಲ್ಲಿ ಹಿಡಿಯುವ ಸಿ.ಡಿ. ಪ್ಲೇಯರ್) ಪಡೆದು, ಪತ್ತೇದಾರಿ ಪುಸ್ತಕಗಳ ಕಪಾಟಿನ ಬಳಿ ನಿಂತರೆ ಕಥೆ ಶುರು. ತನ್ನ ಹೆಜ್ಜೆಗೆ ಹೆಜ್ಜೆ ಸೇರಿಸುವಂತೆ ಹೇಳುವ ದನಿ ಕೇಳುಗರನ್ನು ಬೀದಿಗಿಳಿಸುತ್ತದೆ, ಓಣಿಗಳಲ್ಲಿ ಸುತ್ತಿಸುತ್ತದೆ, ಕೊನೆಗೆ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದ ಗದ್ದಲದಲ್ಲಿ ಬಿಟ್ಟುಬಿಡುತ್ತದೆ. ವಾಪಸು ದಾರಿ ನಾವೇ ಹುಡುಕಿಕೊಳ್ಳಬೇಕು!

ಹಾಗೆಂದು ನಡಿಗೆಯೇ ಬೇಕೆಂದಿಲ್ಲ. ಕಾರ್ಡಿಫ್‌ ಅವರದೇ 2001ರ 'ಫಾರ್ಟಿ ಪಾರ್ಟ್ ಮೋಟೆಟ್' ಕೃತಿಯಲ್ಲಿ 16ನೇ ಶತಮಾನದ ಥಾಮಸ್ ಟಾಲಿಸ್‌ನ ರಚನೆಯನ್ನು 40 ಸ್ಪೀಕರುಗಳು ಹಾಡುತ್ತವೆ, ಒಂದೊಂದರಲ್ಲಿ ಒಂದೊಂದು ದನಿ. ನಡುವೆ ನಿಂತರೆ ಮೇಳ. ಒಂದರ ಹತ್ತಿರ ಹೋದರೆ ಒಬ್ಬನೇ ಗಾಯಕ. ಬಿಡುವಿನಲ್ಲಿ ಗಾಯಕರ ಕೆಮ್ಮು, ಹರಟೆಯೂ ಕೇಳುತ್ತದೆ.

ಆದರೆ ನಡಿಗೆಯ ಕೃತಿಗಳಿಗೆ ಆಯಸ್ಸು ಕಡಿಮೆ. ಬೀದಿ ಬದಲಾದರೆ ದನಿ ಸುಳ್ಳು ಹೇಳತೊಡಗುತ್ತದೆ. ಡಿಸ್ಕ್‌ಮನ್ ಹೋಯಿತು. ವೈಟ್‌ಚಾಪೆಲ್ ಗ್ರಂಥಾಲಯ 2005ರಲ್ಲಿ ಮುಚ್ಚಿತು; 2009ರಿಂದ ಆ ಕಟ್ಟಡ ಪಕ್ಕದ ಆರ್ಟ್ ಗ್ಯಾಲರಿಗೆ ಸೇರಿದೆ. ಚಿತ್ರಗಳನ್ನು ಕಾಪಿಡಲು ಪಡುವ ಶ್ರಮದ ಒಂದು ಪಾಲನ್ನಾದರೂ ಮ್ಯೂಸಿಯಮ್ಮುಗಳು ಈ ದನಿಗಳಿಗೆ ಕೊಡಬೇಕು.

ಲಂಡನ್ನಿಗೆ ಹೋಗುವವರಿದ್ದರೆ, 'ದ ಮಿಸ್ಸಿಂಗ್ ವಾಯ್ಸ್'ನ ಧ್ವನಿಮುದ್ರಣ ಆರ್ಟ್‌ಏಂಜಲ್‌ನ ಜಾಲತಾಣದಲ್ಲಿದೆ. ಕೇಳುತ್ತ ನಡೆಯಿರಿ. ರಸ್ತೆ ದಾಟುವಾಗ ಮಾತ್ರ ಕಿವಿಯನ್ನು ನಂಬಬೇಡಿ.