ಅಣು ತ್ಯಾಜ್ಯದ ಭೂಗತ ವಿಲೇವಾರಿ ಮತ್ತು ಅಂತರ್ಜಲ

ಪರಮಾಣು ಸ್ಥಾವರಗಳಲ್ಲಿ ಬಳಸಿ ತೆಗೆದ ಇಂಧನವನ್ನು ಮರುಸಂಸ್ಕರಿಸಿದಾಗ ತೀವ್ರ ವಿಕಿರಣಶೀಲ ದ್ರವ ತ್ಯಾಜ್ಯ ಉಳಿಯುತ್ತದೆ. ಭಾರತದಲ್ಲಿ ಇದನ್ನು ಬೋರೋಸಿಲಿಕೇಟ್ ಗಾಜಿನೊಡನೆ ಬೆರೆಸಿ, ಉಕ್ಕಿನ ಪಾತ್ರೆಗಳಲ್ಲಿ ಘನರೂಪಕ್ಕೆ ತರಲಾಗುತ್ತದೆ. ಇದರಲ್ಲಿರುವ ಸೀಸಿಯಂ-137 ಸುಮಾರು 30 ವರ್ಷಗಳಿಗೊಮ್ಮೆ ಅರ್ಧದಷ್ಟಾಗುತ್ತದೆ. ಅಲ್ಪ ಪ್ರಮಾಣದಲ್ಲಿ ಉಳಿಯುವ ಪ್ಲುಟೋನಿಯಂ-239 ಅರ್ಧದಷ್ಟಾಗಲು ಸುಮಾರು 24,000 ವರ್ಷಗಳು ಬೇಕು. ಇಷ್ಟು ದೀರ್ಘಕಾಲ ಮಾನವನ ಕಾವಲನ್ನು ನೆಚ್ಚುವಂತಿಲ್ಲ. ಆದುದರಿಂದ ತ್ಯಾಜ್ಯವನ್ನು ನೂರಾರು ಮೀಟರು ಆಳದ ಸ್ಥಿರ ಶಿಲೆಯಲ್ಲಿ ಹೂಳುವ ವಿಧಾನವನ್ನು ಹಲವು ರಾಷ್ಟ್ರಗಳು ಅಂಗೀಕರಿಸಿವೆ.

ನೀರೇ ಮುಖ್ಯ ವಾಹಕ

ಹೂಳಿದ ಗಾಜು ತಾನಾಗಿ ಚಲಿಸುವುದಿಲ್ಲ. ಅದರ ಅಂಶಗಳನ್ನು ಕರಗಿಸಿ ಜನರ ಬಾವಿಗಳವರೆಗೆ ಒಯ್ಯಬಲ್ಲ ಮುಖ್ಯ ವಾಹಕ ಅಂತರ್ಜಲ. ನೀರು ಎಷ್ಟಿದೆ, ಯಾವ ದಿಕ್ಕಿಗೆ ಎಷ್ಟು ವೇಗವಾಗಿ ಹರಿಯುತ್ತದೆ, ಅದರ ರಾಸಾಯನಿಕ ಗುಣವೇನು ಎಂಬುದನ್ನು ಅರಿತ ನಂತರವೇ ಸ್ಥಳವನ್ನು ನಿರ್ಧರಿಸಬೇಕಾಗುತ್ತದೆ.

ನೆಲದಿಂದ ನೆಲಕ್ಕೆ ಇರುವ ವ್ಯತ್ಯಾಸಕ್ಕೆ ನೆರೆಯ ಆಂಧ್ರ ಪ್ರದೇಶದ ಎರಡು ನಗರಗಳನ್ನು ಉದಾಹರಿಸಬಹುದು. ವಿಜಯವಾಡದಿಂದ ಸಮುದ್ರದವರೆಗೆ ಹರಡಿರುವ ಕೃಷ್ಣಾ ಮುಖಜಭೂಮಿಯಲ್ಲಿ ಮರಳು ಪದರಗಳ ರಂಧ್ರಗಳಲ್ಲಿ ನೀರು ತುಂಬಿ ಸುಲಭವಾಗಿ ಸಂಚರಿಸುತ್ತದೆ. ಇಂತಹ ನೆಲ ಬೇಸಾಯಕ್ಕೆ ವರ. ತ್ಯಾಜ್ಯ ಹೂಳಲು ಅಯೋಗ್ಯ. ವಿಶಾಖಪಟ್ಟಣದ ಸುತ್ತಲಿನ ಖೊಂಡಲೈಟ್‌ನಂತಹ ಗಟ್ಟಿ ಶಿಲೆಯಲ್ಲಾದರೋ ನೀರು ಮುಖ್ಯವಾಗಿ ಮೇಲಿನ ಶಿಥಿಲ ಪದರದಲ್ಲಿಯೂ ಬಿರುಕುಗಳಲ್ಲಿಯೂ ಹರಿಯುತ್ತದೆ. ಆದರೆ ಶಿಲೆ ಗಟ್ಟಿಯಾಗಿದ್ದ ಮಾತ್ರಕ್ಕೆ ಸುರಕ್ಷಿತವೆನ್ನುವಂತಿಲ್ಲ. ಒಂದಕ್ಕೊಂದು ಕೂಡಿದ ಬಿರುಕುಗಳೇ ಕಾಲುವೆಗಳಾಗಬಲ್ಲವು.

ನೀರಿನ ಗುಣ

ಬಹಳ ಆಳದ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಇರುವುದಿಲ್ಲ. ಅಂತಹ ನೀರಿನಲ್ಲಿ ಯುರೇನಿಯಂ, ಪ್ಲುಟೋನಿಯಂಗಳು ಅತ್ಯಲ್ಪವಾಗಿ ಕರಗುತ್ತವೆ. ಆದರೆ ಅಯೋಡಿನ್-129 ಸುಲಭವಾಗಿ ಕರಗಿ ನೀರಿನೊಡನೆ ಸಾಗುತ್ತದೆ. ಈ ಕಾರಣದಿಂದ ಪಾತ್ರೆಗಳ ಸುತ್ತ ಬೆಂಟೊನೈಟ್ ಜೇಡಿಮಣ್ಣನ್ನು ತುಂಬುವ ಕ್ರಮವಿದೆ. ಇದು ತೇವಗೊಂಡಾಗ ಉಬ್ಬಿ ನೀರಿನ ದಾರಿಯನ್ನು ಮುಚ್ಚುತ್ತದೆ.

ಕೋಲಾರದ ಅನುಭವ

ತ್ಯಾಜ್ಯ ಹೊರಸೂಸುವ ಶಾಖವು ಶಿಲೆಯಲ್ಲಿ ಬಿರುಕು ಮೂಡಿಸಿ ನೀರಿಗೆ ಹೊಸ ದಾರಿ ತೆರೆಯಬಹುದು. ಶಾಖದಿಂದ ಶಿಲೆಯಲ್ಲಾಗುವ ಬದಲಾವಣೆಗಳನ್ನು ಅರಿಯಲು 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಕೆಲಸ ನಿಂತಿದ್ದ ಭಾಗವೊಂದರಲ್ಲಿ, ಸುಮಾರು 1,000 ಮೀಟರು ಆಳದಲ್ಲಿ, ಎಂಟು ವರ್ಷಗಳ ಪ್ರಯೋಗ ನಡೆಯಿತು. ಆಂಫಿಬೊಲೈಟ್ ಶಿಲೆಯನ್ನು ಕಾಯಿಸಲು ವಿದ್ಯುತ್ ಶಾಖೋಪಕರಣಗಳನ್ನು ಬಳಸಲಾಯಿತೇ ಹೊರತು ತ್ಯಾಜ್ಯವನ್ನಲ್ಲ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಪಂಪಿನಿಂದ ಒಣಗಿಸಿದ ಗಣಿಯು ಸ್ವಭಾವತಃ ಒಣಗಿದ ಗಣಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ಗಣಿಯಲ್ಲಿ ಅಣು ತ್ಯಾಜ್ಯವನ್ನು ಹೂಳಲಾಗುವುದೆಂಬ ಸುದ್ದಿ ಹಬ್ಬಿದಾಗ, 2012ರಲ್ಲಿ, ಕೊಳವೆ ಬಾವಿಗಳನ್ನೇ ನೆಚ್ಚಿದ್ದ ಕೋಲಾರದ ಜನತೆ ಪ್ರತಿಭಟಿಸಿತು. ಅಂತಹ ಯೋಜನೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಭಾರತದಲ್ಲಿ ಆಳದ ಭೂಗತ ವಿಲೇವಾರಿ ಕೇಂದ್ರ ಇನ್ನೂ ಸ್ಥಾಪನೆಯಾಗಿಲ್ಲ. ಮುಂದೆ ಯಾವುದೇ ಸ್ಥಳವನ್ನು ಆರಿಸಿದರೂ, ಅಲ್ಲಿನ ಅಂತರ್ಜಲವನ್ನು ಅನೇಕ ವರ್ಷಗಳ ಕಾಲ ಅಳೆದು ಅರಿಯುವುದು ಮೊದಲ ಕರ್ತವ್ಯವಾಗಿದೆ.