ಚೆಂಡು ಕೈಯಲ್ಲಿಲ್ಲದಾಗ ಗಾರ್ಡ್ ಏನು ಮಾಡುತ್ತಾರೆ?

ಮಕ್ಕಳೇ, 2016ರ ಡಿಸೆಂಬರ್ 5ರಂದು ಅಮೆರಿಕದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಗಾರ್ಡ್ ಕ್ಲೇ ಥಾಂಪ್ಸನ್ ಅಂದು 29 ನಿಮಿಷ ಆಡಿ 60 ಅಂಕ ಗಳಿಸಿದರು. ಆದರೆ ಚೆಂಡು ಅವರ ಕೈಯಲ್ಲಿದ್ದದ್ದು ಎಷ್ಟು ಹೊತ್ತು ಗೊತ್ತೇ? ಒಟ್ಟು ಸೇರಿಸಿದರೆ ಸುಮಾರು 90 ಸೆಕೆಂಡು! ಚೆಂಡನ್ನು ನೆಲಕ್ಕೆ ಪುಟಿಸಿದ್ದು 11 ಸಲ ಮಾತ್ರ. ಉಳಿದ ಹೊತ್ತಿನಲ್ಲಿ ಅವರು ಏನು ಮಾಡುತ್ತಿದ್ದರು?

ಹೆಚ್ಚಾಗಿ ಓಡುತ್ತಿದ್ದರು.

ಅಂಕಣದಲ್ಲಿ ಒಂದು ತಂಡದ ಐವರು ಇರುತ್ತಾರೆ. ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳು. ಹೆಸರಿನ ಅರ್ಥ ಕಾವಲುಗಾರ ಎಂದಾದರೂ ಬುಟ್ಟಿಯಿಂದ ದೂರದಲ್ಲಿದ್ದು ದಾಳಿ ಆರಂಭಿಸುವವರು ಇವರೇ. ಗಾರ್ಡ್ ಚೆಂಡನ್ನು ತಾನೇ ಪುಟಿಸುತ್ತಾ ಸಾಗಿ ಎಸೆಯಬಹುದು, ಇಲ್ಲವೇ ಹಂಚಬಹುದು. ಅಥವಾ ಚೆಂಡನ್ನು ಜೊತೆಗಾರರಿಗೆ ಬಿಟ್ಟು, ಖಾಲಿ ಜಾಗ ಹುಡುಕುತ್ತಾ ಓಡಬಹುದು. ಯಾವುದು ಮೇಲು?

ಮೊದಲು ಒಂದು ಪ್ರಯೋಗ ಮಾಡಿ. ನಿಮ್ಮ ಗೆಳತಿ 30 ಸೆ.ಮೀ. ಸ್ಕೇಲನ್ನು ನೇರವಾಗಿ ತೂಗಿ ಹಿಡಿಯಲಿ. ಅದರ ಸೊನ್ನೆ ಗುರುತಿನ ಎರಡೂ ಬದಿಗೆ ನಿಮ್ಮ ಹೆಬ್ಬೆರಳು, ತೋರುಬೆರಳು ಮುಟ್ಟದಂತೆ ಇರಲಿ. ಆಕೆ ಹೇಳದೆಯೇ ಸ್ಕೇಲನ್ನು ಬಿಡಬೇಕು, ನೀವು ಹಿಡಿಯಬೇಕು. 20 ಸೆ.ಮೀ. ಗುರುತಿನಲ್ಲಿ ಹಿಡಿದರೆ ನಿಮಗೆ ಹಿಡಿದ ಕಾಲ ಸುಮಾರು 0.2 ಸೆಕೆಂಡು. ಕಣ್ಣು ಕಂಡದ್ದು ಮೆದುಳಿಗೆ ತಲುಪಿ, ಅಲ್ಲಿಂದ ಆದೇಶ ಸ್ನಾಯುಗಳಿಗೆ ಬರಲು ಇಷ್ಟು ಕಾಲ ಬೇಕು. ಇದೇ ಪ್ರತಿಕ್ರಿಯಾ ಕಾಲ. ಎಂಥ ಆಟಗಾರನೂ ಇದನ್ನು ಸೊನ್ನೆ ಮಾಡಲಾರ.

ಈಗ ಅಂಕಣಕ್ಕೆ ಬನ್ನಿ. ಥಾಂಪ್ಸನ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಾ ತಟ್ಟನೆ ತಿರುಗಿದರು ಎನ್ನೋಣ. ಅವರನ್ನು ಕಾಯುವ ಎದುರಾಳಿಗೆ ಅದು ತಿಳಿಯುವಷ್ಟರಲ್ಲಿ 0.2 ಸೆಕೆಂಡು ಕಳೆಯುತ್ತದೆ. 5ನ್ನು 0.2ರಿಂದ ಗುಣಿಸಿ. ಒಂದು ಮೀಟರ್! ಆ ದಾರಿಯಲ್ಲಿ ಜೊತೆಗಾರನೊಬ್ಬ ಕಂಬದಂತೆ ನಿಂತಿದ್ದರೆ ಎದುರಾಳಿ ಅವನನ್ನು ಬಳಸಿಕೊಂಡು ಬರಬೇಕು. ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಅಂತರ ಇನ್ನೂ ಹೆಚ್ಚಿತು. ಅಷ್ಟರಲ್ಲಿ ಓಟಗಾರನಿಗಿಂತ ವೇಗವಾಗಿ ಪಾಸ್ ಬಂದು ಕೈಸೇರುತ್ತದೆ, ಕೂಡಲೇ ಬುಟ್ಟಿಯತ್ತ ಹಾರುತ್ತದೆ. ಚೆಂಡು ಪುಟಿಸುತ್ತಾ ಹೋಗುವವರಿಗೆ ಇಷ್ಟು ವೇಗ ಕಷ್ಟ. ಜೊತೆಗೆ ಎಲ್ಲರ ಕಣ್ಣೂ ಚೆಂಡಿನ ಮೇಲೆಯೇ.

ಇದೇ ತಂಡದ ಇನ್ನೊಬ್ಬ ಗಾರ್ಡ್ ಸ್ಟೀಫನ್ ಕರಿ. 2015-16ರ ಋತುವಿನಲ್ಲಿ ಅವರು ಸುಮಾರು 7 ಮೀಟರ್ ದೂರದ ಗೆರೆಯಾಚೆಯಿಂದ 402 ಸಲ ಬುಟ್ಟಿಗೆ ಹಾಕಿದರು. ಇಂಥವರು ಬರಿಗೈಯಲ್ಲಿ ಓಡಿದರೂ ಎದುರಾಳಿಗಳಿಗೆ ಭಯ. ಒಮ್ಮೊಮ್ಮೆ ಇಬ್ಬರು ಅವರ ಬೆನ್ನು ಹತ್ತುತ್ತಾರೆ. ಆಗ ಉಳಿದ ಮೂವರು, ನಾಲ್ವರನ್ನು ಕಾಯಬೇಕು! ಚೆಂಡನ್ನು ಮುಟ್ಟದೆಯೇ ಕರಿ ಜೊತೆಗಾರನೊಬ್ಬನನ್ನು ಬಿಡಿಸಿಕೊಟ್ಟಂತಾಯಿತು.

ಹಾಗಾದರೆ ಚೆಂಡಿಲ್ಲದ ಆಟವೇ ಮೇಲೇ? ಅವಸರ ಬೇಡ. ದೂರದಿಂದ ಗುರಿ ಹಾಕಲು ಬಾರದ ಗಾರ್ಡ್ ಎಷ್ಟು ಓಡಿದರೇನು? ಎದುರಾಳಿ ಅವನನ್ನು ಬಿಟ್ಟು ಬುಟ್ಟಿಯ ಬಳಿ ನಿಲ್ಲುತ್ತಾನೆ. ಅವನಿಗೆ ಪಾಸ್ ಕೊಡುವ ಜಾಣ್ಮೆ ಇದ್ದರೆ ಚೆಂಡು ಅವನ ಕೈಯಲ್ಲಿರುವುದೇ ಒಳ್ಳೆಯದು. ಅಲ್ಲದೆ ಓಡುವವರಿಗೆ ಸಕಾಲದಲ್ಲಿ ಚೆಂಡು ಕೊಡಲು ಯಾರಾದರೂ ಬೇಕಲ್ಲ! ಥಾಂಪ್ಸನ್‌ಗೆ 60 ಅಂಕ ಬಂದದ್ದರಲ್ಲಿ ಪಾಸ್ ಕೊಟ್ಟವರ ಪಾಲೂ ಇದೆ.

ಕರಿ ಎರಡನ್ನೂ ಒಂದೇ ದಾಳಿಯಲ್ಲಿ ಮಾಡುತ್ತಾರೆ. ಚೆಂಡನ್ನು ತಂದು ಜೊತೆಗಾರನಿಗೆ ಕೊಡುತ್ತಾರೆ. ಕೆಲಸ ಮುಗಿಯಿತೆಂದು ಎದುರಾಳಿ ಕ್ಷಣಕಾಲ ಚೆಂಡಿನತ್ತ ನೋಡುತ್ತಾನೆ. ಕರಿ ಓಡುವುದು ಆಗಲೇ.